ಅಂಗಡಿಯ ಪತ್ರಗಳಿಗೆ ಒಂದು ಸ್ವಂತ ಕಿಟಕಿ

ತೆರಿಗೆ ಇಲಾಖೆಯ ನೋಟಿಸ್ ರಿಜಿಸ್ಟರ್ಡ್ ಪೋಸ್ಟಿನಲ್ಲೇ ಬರಬೇಕು ಅಂತೇನಿಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ, ನೋಂದಣಿ ಮಾಡುವಾಗ ಕೊಟ್ಟ ಇಮೇಲ್ ವಿಳಾಸಕ್ಕೆ ಕಳಿಸುವುದೂ ನೋಟಿಸ್ ಜಾರಿ ಮಾಡುವ ಒಂದು ಸರಿಯಾದ ವಿಧಾನ. ಹಾಗಾದರೆ ಆ ಇಮೇಲ್ ಯಾರ ಕೈಯಲ್ಲಿದೆ ಅನ್ನುವುದು ಅಂಗಡಿಯ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವಷ್ಟೇ ಮುಖ್ಯವಾದ ಪ್ರಶ್ನೆ.

ನಮ್ಮ ಅಮ್ಮಿಯ ಅಣ್ಣ, ನಾನು ಬಡೇ ಮಾಮು ಎಂದು ಕರೆಯುವವರು, ತುಮಕೂರಿನಲ್ಲಿ ಬೋರ್‌ವೆಲ್ ಪಂಪ್‌ಗಳ ಬಿಡಿಭಾಗಗಳ ವ್ಯಾಪಾರ ಮಾಡುತ್ತಾರೆ. ಗುಬ್ಬಿ, ಕುಣಿಗಲ್, ಶಿರಾ ಕಡೆಯ ಮೆಕ್ಯಾನಿಕ್‌ಗಳು ಅವರ ಗಿರಾಕಿಗಳು. ಜಿಎಸ್‌ಟಿ ಶುರುವಾದ ವರ್ಷ ಅಂಗಡಿಯ ಲೆಕ್ಕ ಬರೆಯುತ್ತಿದ್ದವರೊಬ್ಬರು ನೋಂದಣಿ ಮಾಡಿಸಿಕೊಟ್ಟರು. ಇಮೇಲ್ ಕೇಳಿದ ಜಾಗದಲ್ಲಿ ತಮ್ಮದೇ ಉಚಿತ ಇಮೇಲ್ ತುಂಬಿದರು. ಮಾಮುಗೆ ಆಗ ಇಮೇಲೇ ಇರಲಿಲ್ಲ, ಆದ್ದರಿಂದ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಕೆಲವು ವರ್ಷಗಳಾದ ಮೇಲೆ ಅವರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು. ಆಮೇಲೆ ಒಂದು ರಿಟರ್ನ್ ವಿಷಯವಾಗಿ ಬಂದ ನೋಟಿಸ್ ಅವರ ಇನ್‌ಬಾಕ್ಸ್‌ನಲ್ಲಿ ಕುಳಿತಿತ್ತು. ಅದು ಪೋರ್ಟಲ್‌ನಲ್ಲೂ ಇತ್ತು ನಿಜ. ಆದರೆ ಪೋರ್ಟಲ್‌ನ ಪಾಸ್‌ವರ್ಡ್ ಬದಲಿಸಲು ಬರುವ ಓಟಿಪಿಯೂ ಅವರಿಗೇ ಹೋಗುತ್ತಿತ್ತು. ಗೊತ್ತಾಗುವಷ್ಟರಲ್ಲಿ ಉತ್ತರ ಕೊಡುವ ಗಡುವು ಮುಗಿದಿತ್ತು.

ಇದು ಒಬ್ಬರ ಕಥೆಯಲ್ಲ. ಬೇರೆಯವರ ಇಮೇಲ್, ಬೇರೆಯವರ ಮೊಬೈಲ್ ಹಾಕಿಸಿಕೊಂಡು ಸಿಕ್ಕಿಬಿದ್ದ ವ್ಯಾಪಾರಿಗಳಿಗಾಗಿ ಕೇಂದ್ರ ಸರ್ಕಾರ ಪ್ರತ್ಯೇಕ ವಿಧಾನವನ್ನೇ ಪ್ರಕಟಿಸಬೇಕಾಯಿತು: ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಹತ್ತಿರ ದಾಖಲೆ ತೆಗೆದುಕೊಂಡು ಹೋಗಿ, ಈ ವ್ಯಾಪಾರ ನನ್ನದೇ ಎಂದು ತೋರಿಸಿ, ವಿಳಾಸ ಬದಲಿಸಿಕೊಳ್ಳಬೇಕು. ಮಾಮು ಅದನ್ನೇ ಮಾಡಿದರು. ಆಮೇಲೆ ಅಂಗಡಿಯ ಹೆಸರಿನಲ್ಲಿ ಒಂದು ಡೊಮೇನ್ ಕೊಂಡರು, ಒಂದು ಸರ್ವರ್ ಬಾಡಿಗೆಗೆ ಹಿಡಿದರು, ಅದರಲ್ಲಿ ಏಳು ಜನಕ್ಕೆ ಇಮೇಲ್ ಮಾಡಿಸಿದರು. ಕೆಲಸ ಮಾಡಿದ್ದು ಮಾಮುವಿನ ದೊಡ್ಡ ಮಗ. ಭಾಯಿ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ, ದಿನಾ ರೈಲು ಪಾಸ್‌ನಲ್ಲಿ ಓಡಾಡುತ್ತಾರೆ. ಸದಾಶಿವನಗರದ ನಮ್ಮ ಮನೆಯಲ್ಲಿ ಒಂದು ಭಾನುವಾರ ಅವರು ವೆಬ್‌ಮೇಲ್ ಅಳವಡಿಸುವಾಗ ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕುಳಿತಿದ್ದೆ. ಕಾಮರ್ಸ್‌ನವರಿಗೆ ಸರ್ವರ್ ಸಹವಾಸ ಯಾಕೆ ಎಂದು ಸೈನ್ಸ್ ಸೆಕ್ಷನ್‌ನ ಗೆಳೆಯರು ಕೇಳಿದರು. ನಾಳೆ ಅಂಗಡಿ, ಕಚೇರಿಗಳ ಲೆಕ್ಕ ಬರೆಯುವವರು ನಾವೇ. ಮಾಲೀಕರ ವಿಳಾಸದ ಜಾಗದಲ್ಲಿ ಯಾವ ಇಮೇಲ್ ತುಂಬಬೇಕು ಎಂದು ತೀರ್ಮಾನಿಸುವವರೂ ನಾವೇ.

ಕಿಟಕಿ ಬೇರೆ, ಅಂಚೆ ಕಚೇರಿ ಬೇರೆ

ವೆಬ್‌ಮೇಲ್ ಎಂದರೆ ಬ್ರೌಸರ್‌ನಲ್ಲಿ ತೆರೆದು ಓದುವ ಇಮೇಲ್. ಜಿಮೇಲ್ ನಮಗೆಲ್ಲ ಗೊತ್ತು. ಅದನ್ನು ನೋಡಿ ನೋಡಿ, ಪತ್ರ ಬರುವುದು, ಉಳಿಯುವುದು, ಕಾಣಿಸುವುದು ಎಲ್ಲ ಒಂದೇ ವಸ್ತು ಎಂದು ಅಂದುಕೊಂಡಿರುತ್ತೇವೆ. ನಿಜದಲ್ಲಿ ಅವು ಮೂರು ಬೇರೆ ಬೇರೆ ಕೆಲಸಗಳು.

ಅಂಚೆ ಕಚೇರಿಯನ್ನು ಯೋಚಿಸಿ. ಊರಿಂದೂರಿಗೆ ಚೀಲ ಸಾಗಿಸುವವರು ಒಬ್ಬರು. ಬಂದ ಪತ್ರಗಳನ್ನು ಹೆಸರು ನೋಡಿ ಗೂಡುಗಳಲ್ಲಿ ಜೋಡಿಸಿಡುವವರು ಇನ್ನೊಬ್ಬರು. ಕೌಂಟರ್ ಕಿಟಕಿಯಲ್ಲಿ ಕುಳಿತು, ನೀವು ಯಾರೆಂದು ಕೇಳಿ, ನಿಮ್ಮ ಪತ್ರ ತೆಗೆದು ತೋರಿಸುವವರು ಮತ್ತೊಬ್ಬರು. ಸರ್ವರ್‌ನಲ್ಲಿ ಮೊದಲನೆಯ ಕೆಲಸಕ್ಕೆ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶ ಹಾಕಿದ್ದೆವು. ಎರಡನೆಯದಕ್ಕೆ ಡವ್‌ಕಾಟ್. ಮೂರನೆಯ ಕೆಲಸ, ಅಂದರೆ ಕಿಟಕಿ, ರೌಂಡ್‌ಕ್ಯೂಬ್ ಎಂಬ ತಂತ್ರಾಂಶದ್ದು. ಮೂರೂ ಉಚಿತ, ಮೂರರ ಮೂಲ ಕೋಡ್ ಯಾರು ಬೇಕಾದರೂ ಓದಬಹುದು. (ಕಿಟಕಿಗೆ ನಮ್ಮ ಮನೆಯ ಉರ್ದುವಿನಲ್ಲಿ ಖಿಡ್ಕಿ ಎನ್ನುತ್ತೇವೆ. ಜಮಾ, ಖರ್ಚು, ಬಾಕಿ, ದಫ್ತರು, ರವಾನೆ ಇವೂ ಹಾಗೆಯೇ. ಅಕೌಂಟೆನ್ಸಿ ಕನ್ನಡ ನನಗೆ ಕಷ್ಟವಾಗದಿರಲು ಇದೊಂದು ಕಾರಣ.)

ಇವರು ಮೂವರೂ ಒಬ್ಬರೊಡನೊಬ್ಬರು ಮಾತಾಡಲು ಗೊತ್ತಾದ ಭಾಷೆಗಳಿವೆ. ಪತ್ರ ಸಾಗಿಸುವ ಭಾಷೆ ಎಸ್‌ಎಂಟಿಪಿ. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ನಿಯಮ ಅದು. ಸರ್ವರ್‌ನ ಗೂಡಿನಲ್ಲಿರುವ ಪತ್ರವನ್ನು ಅಲ್ಲೇ ಇಟ್ಟು ಓದುವ ಭಾಷೆ ಐಮ್ಯಾಪ್. ಅದನ್ನು 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದರು. ನಾವು ಹುಟ್ಟುವ ಎಷ್ಟೋ ವರ್ಷ ಮೊದಲಿನ ಈ ಎರಡು ಭಾಷೆಗಳಿಂದಲೇ ಇವತ್ತಿಗೂ ಕೆಲಸ ನಡೆಯುತ್ತಿದೆ.

ಕಿಟಕಿಯನ್ನು ಬ್ರೌಸರ್‌ನಲ್ಲಿ ಇಡುವ ಯೋಚನೆ ಆಮೇಲೆ ಬಂತು, ಅದರಲ್ಲಿ ಬೆಂಗಳೂರಿನಲ್ಲಿ ಶಾಲೆ ಓದಿದವರೊಬ್ಬರ ಪಾಲು ದೊಡ್ಡದು. ಸಬೀರ್ ಭಾಟಿಯಾ ಸೇಂಟ್ ಜೋಸೆಫ್ಸ್ ಬಾಲಕರ ಶಾಲೆಯ ವಿದ್ಯಾರ್ಥಿ. ಅಮೆರಿಕಕ್ಕೆ ಹೋಗಿ ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಶುರುಮಾಡಿದರು. ಅಲ್ಲಿಯವರೆಗೆ ಬಹುತೇಕ ಜನ ತಮ್ಮ ಇಮೇಲನ್ನು ಒಂದೇ ಕಂಪ್ಯೂಟರ್‌ನಲ್ಲಿ, ಇಂಟರ್ನೆಟ್ ಕೊಡುವ ಕಂಪನಿಯ ಮೂಲಕ ನೋಡಬೇಕಿತ್ತು. ಯಾವ ಸೈಬರ್ ಕೆಫೆಯಲ್ಲಾದರೂ ಕುಳಿತು ನಿಮ್ಮ ಪತ್ರ ಓದಬಹುದು ಅನ್ನುವುದೇ ಆಗ ಹೊಸ ಮಾತು. ಮುಂದಿನ ವರ್ಷದ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟಿದ್ದೇ 1995ರ ಆಗಸ್ಟ್ 15ರಂದು. ಅದಕ್ಕೂ ಮೊದಲು, 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಐಐಎಸ್‌ಸಿ ಒಂದು. ಆ ಕಾಲದಲ್ಲಿ ಇಮೇಲ್ ಎಂದರೆ ಪ್ರೊಫೆಸರುಗಳ ವಸ್ತು.

ಸ್ವಂತ ಮೇಲ್ ಸರ್ವರ್ ಎಂಬುದೂ ವಿದೇಶದವರ ವಿದ್ಯೆ ಮಾತ್ರ ಅಲ್ಲ. ಬೆಂಗಳೂರಿನ ಡೀಪ್‌ರೂಟ್ ಲಿನಕ್ಸ್ ಎಂಬ ಕಂಪನಿ ಡೀಪೋಫಿಕ್ಸ್ ಎಂಬ ಹೆಸರಿನಲ್ಲಿ ಮೇಲ್ ಸರ್ವರ್ ತಂತ್ರಾಂಶವನ್ನು, ಸಣ್ಣ ಕಚೇರಿಗಳೂ ಸುಲಭವಾಗಿ ಹಾಕಿಕೊಳ್ಳುವಂತೆ ಕಟ್ಟಿಕೊಟ್ಟಿತ್ತು. ಭಾಯಿ ಈ ಕೆಲಸದ ಬಗ್ಗೆ ಮೊದಲು ಕೇಳಿದ್ದು ಆ ಹೆಸರಿನಿಂದಲೇ ಅಂತೆ.

ಅಳವಡಿಸಿದ ಬಗೆ

ರೌಂಡ್‌ಕ್ಯೂಬ್ ಅನ್ನು ಸ್ವಿಟ್ಜರ್‌ಲೆಂಡಿನ ಥಾಮಸ್ ಬ್ರೂಡರ್ಲಿ 2005ರಲ್ಲಿ ಶುರುಮಾಡಿದರು. 2023ರ ನವೆಂಬರ್‌ನಿಂದ ಅದು ನೆಕ್ಸ್ಟ್‌ಕ್ಲೌಡ್ ಕಂಪನಿಯ ಆಸರೆಯಲ್ಲಿದೆ. ಅದಕ್ಕೆ ಬೇಕಾದದ್ದು ಮೂರು: ಪುಟಗಳನ್ನು ಬ್ರೌಸರ್‌ಗೆ ಕೊಡುವ ಅಪಾಚೆಯಂಥ ಒಂದು ವೆಬ್ ಸರ್ವರ್, ಪಿಎಚ್‌ಪಿ ಭಾಷೆ, ಮತ್ತು ಒಂದು ಡೇಟಾಬೇಸ್. ನಮ್ಮ ಸರ್ವರ್‌ನಲ್ಲಿ ಉಬುಂಟು ಇತ್ತು, ಡೇಟಾಬೇಸ್‌ಗೆ ಮರಿಯಾಡಿಬಿ ಹಾಕಿದರು.

ಮೊದಲು ಡೊಮೇನ್ ಕೊಂಡ ಜಾಗದಲ್ಲಿ ಲಾಗಿನ್ ಆಗಿ, ಅಂಗಡಿಯ ಡೊಮೇನ್ ಹೆಸರಿನ ಹಿಂದೆ ‘ಮೇಲ್’ ಎಂದು ಸೇರಿಸಿದ ಹೊಸ ಹೆಸರು ನಮ್ಮ ಸರ್ವರ್‌ನ ಐಪಿ ನಂಬರಿಗೆ ಹೋಗುವಂತೆ ಬರೆದರು. ಡೊಮೇನ್ ಎಂದರೆ ಮನೆಯ ಹೆಸರು, ಐಪಿ ಎಂದರೆ ಅದರ ಡೋರ್ ನಂಬರ್. ಈ ಹೆಸರಿಗೆ ಬರುವ ಪತ್ರಗಳನ್ನು ಯಾವ ಸರ್ವರ್‌ಗೆ ಕೊಡಬೇಕು ಎಂದು ಹೇಳುವ ಎಂಎಕ್ಸ್ ದಾಖಲೆಯನ್ನು ಮೊದಲೇ ಬರೆದಾಗಿತ್ತು. ಆಮೇಲೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಉಚಿತ ಪ್ರಮಾಣಪತ್ರ ತಂದು ಹಾಕಿದರು. ಬ್ರೌಸರ್‌ನಲ್ಲಿ ಬೀಗದ ಗುರುತು ಬರುವುದು ಇದರಿಂದ. ಇದಿಲ್ಲದೆ ಲಾಗಿನ್ ಆದರೆ ಪಾಸ್‌ವರ್ಡ್ ದಾರಿಯಲ್ಲಿ ಪೋಸ್ಟ್‌ಕಾರ್ಡಿನ ಹಾಗೆ ತೆರೆದೇ ಹೋಗುತ್ತದೆ. ನಾವು ತಂದ ಪ್ರಮಾಣಪತ್ರದ ಆಯಸ್ಸು 90 ದಿನ. ಅದು ತಾನಾಗಿ ನವೀಕರಣ ಆಗುವಂತೆ ಒಂದು ಸಣ್ಣ ವ್ಯವಸ್ಥೆ ಮಾಡಬೇಕು, ಇಲ್ಲವಾದರೆ ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಏಳೂ ಜನಕ್ಕೆ ಕೆಂಪು ಎಚ್ಚರಿಕೆ ಕಾಣಿಸುತ್ತದೆ.

ಮುಂದೆ ರೌಂಡ್‌ಕ್ಯೂಬ್‌ನ ಅಧಿಕೃತ ತಾಣದಿಂದ ಪೂರ್ಣ ಪ್ಯಾಕೇಜ್ ಇಳಿಸಿಕೊಂಡು, ಅದು ದಾರಿಯಲ್ಲಿ ಯಾರೂ ತಿದ್ದದ ಅಸಲಿ ಫೈಲೇ ಎಂದು ಸಹಿ ತಾಳೆ ನೋಡಿದರು. ಬ್ಯಾಂಕಿನಲ್ಲಿ ಚೆಕ್ ಮೇಲಿನ ಸಹಿ ನೋಡುತ್ತಾರಲ್ಲ, ಹಾಗೆ. ಫೈಲುಗಳನ್ನು ಬಿಚ್ಚಿಟ್ಟ ಮೇಲೆ ‘ಟೆಂಪ್’ ಮತ್ತು ‘ಲಾಗ್ಸ್’ ಎಂಬ ಎರಡು ಫೋಲ್ಡರ್‌ಗಳಲ್ಲಿ ಮಾತ್ರ ವೆಬ್ ಸರ್ವರ್ ಬರೆಯಬಹುದು ಎಂದು ಅನುಮತಿ ಕೊಟ್ಟರು. ಉಳಿದ ಕಡೆ ಓದಬಹುದು, ಬರೆಯುವ ಹಾಗಿಲ್ಲ. ಡೇಟಾಬೇಸ್‌ನಲ್ಲಿ ರೌಂಡ್‌ಕ್ಯೂಬ್‌ಗೆಂದೇ ಒಂದು ಖಾತೆ, ಒಂದು ಪಾಸ್‌ವರ್ಡ್.

ಆಮೇಲೆ ಬ್ರೌಸರ್‌ನಲ್ಲಿ ನಮ್ಮ ಹೊಸ ವಿಳಾಸದ ಕೊನೆಗೆ ‘ಇನ್‌ಸ್ಟಾಲರ್’ ಸೇರಿಸಿ ತೆರೆದರು. ಅದು ಮೂರು ಮೆಟ್ಟಿಲು ಹತ್ತಿಸುತ್ತದೆ. ಮೊದಲು ನಿಮ್ಮ ಸರ್ವರ್‌ನಲ್ಲಿ ಬೇಕಾದದ್ದೆಲ್ಲ ಇದೆಯೇ ಎಂದು ಪರೀಕ್ಷೆ. ಇದ್ದದ್ದಕ್ಕೆ ಹಸಿರು, ಇಲ್ಲದ್ದಕ್ಕೆ ಕೆಂಪು. ಎರಡನೆಯ ಪುಟದಲ್ಲಿ ವಿವರ ತುಂಬಬೇಕು. ಡೇಟಾಬೇಸ್ ಎಲ್ಲಿದೆ? ಪತ್ರ ಓದಲು ಐಮ್ಯಾಪ್ ಸರ್ವರ್ ಯಾವುದು? ಇದಕ್ಕೆ ಭದ್ರವಾದ ಬಾಗಿಲು ನಂಬರ್ 993. ಕಳಿಸಲು ಎಸ್‌ಎಂಟಿಪಿ ಸರ್ವರ್ ಯಾವುದು? ಅದಕ್ಕೆ 587. ಇಲ್ಲೇ 24 ಅಕ್ಷರಗಳ ಒಂದು ಗುಪ್ತ ಕೀಲಿಯನ್ನೂ ಅದು ತಯಾರಿಸುತ್ತದೆ. ನೀವು ಲಾಗಿನ್ ಆಗಿರುವಷ್ಟು ಹೊತ್ತು ನಿಮ್ಮ ಪಾಸ್‌ವರ್ಡನ್ನು ಗೂಢಲಿಪಿಯಲ್ಲಿ ಇಟ್ಟುಕೊಳ್ಳಲು ಆ ಕೀಲಿ. ಈ ವಿವರಗಳೆಲ್ಲ ಸೇರಿ ಒಂದು ಕಾನ್ಫಿಗ್ ಫೈಲ್ ಆಗುತ್ತದೆ. ಮೂರನೆಯ ಪುಟದಲ್ಲಿ ಒಂದು ಪತ್ರ ಕಳಿಸಿ, ಒಂದು ಸಲ ಲಾಗಿನ್ ಆಗಿ ಪರೀಕ್ಷೆ.

ಅದು ಮುಗಿದ ತಕ್ಷಣ ಭಾಯಿ ಮಾಡಿದ ಕೆಲಸ ಇನ್‌ಸ್ಟಾಲರ್ ಫೋಲ್ಡರನ್ನು ಅಳಿಸಿಹಾಕಿದ್ದು. ಅದನ್ನು ಬಿಟ್ಟರೆ, ವಿಳಾಸ ಊಹಿಸಿದ ಯಾರು ಬೇಕಾದರೂ ನಮ್ಮ ಸೆಟ್ಟಿಂಗ್ ಪುಟಕ್ಕೆ ಬರಬಹುದು. ಮನೆ ಕಟ್ಟಿದ ಮೇಲೆ ಸಾರುವೆಯನ್ನು ಹಾಗೇ ಬಿಟ್ಟರೆ ಕಳ್ಳನಿಗೆ ಏಣಿ ಇಟ್ಟ ಹಾಗಲ್ಲವೇ? ಜೊತೆಗೆ ವೆಬ್ ಸರ್ವರ್ ಹೊರಜಗತ್ತಿಗೆ ‘ಪಬ್ಲಿಕ್ ಎಚ್‌ಟಿಎಂಎಲ್’ ಎಂಬ ಒಂದೇ ಫೋಲ್ಡರ್ ತೋರಿಸುವಂತೆ ಮಾಡಿದರು. ಕಾನ್ಫಿಗ್ ಫೈಲ್ ಅದರ ಹೊರಗೆ ಉಳಿಯಿತು.

ಚಹಾ ಬಿಡುವು ಸೇರಿ ಇಷ್ಟಕ್ಕೆ ಹಿಡಿದದ್ದು ಎರಡು ಗಂಟೆಯೂ ಇಲ್ಲ.

ನನಗೆ ಇದರಲ್ಲಿ ಬಹಳ ಇಷ್ಟವಾದ ಸಂಗತಿ ಒಂದಿದೆ. ರೌಂಡ್‌ಕ್ಯೂಬ್‌ನ ಡೇಟಾಬೇಸ್‌ನಲ್ಲಿ ನಿಮ್ಮ ವಿಳಾಸ ಪುಸ್ತಕ, ಸಹಿ, ನಿಮಗೆ ಬೇಕಾದ ಸೆಟ್ಟಿಂಗ್ ಇರುತ್ತವೆ. ಪತ್ರಗಳು ವಾಸ ಇರುವುದು ಅಲ್ಲಲ್ಲ, ಡವ್‌ಕಾಟ್‌ನ ಗೂಡುಗಳಲ್ಲಿ. ಭಾಯಿ ತೋರಿಸಲೆಂದೇ ರೌಂಡ್‌ಕ್ಯೂಬ್ ನಿಲ್ಲಿಸಿಬಿಟ್ಟರು. ಆಗಲೂ ಮಾಮುವಿನ ಮೊಬೈಲ್‌ನಲ್ಲಿ ಪತ್ರಗಳು ಬರುತ್ತಲೇ ಇದ್ದವು, ಏಕೆಂದರೆ ಮೊಬೈಲ್ ಇನ್ನೊಂದು ಕಿಟಕಿ. ನಾಳೆ ರೌಂಡ್‌ಕ್ಯೂಬ್ ಬೇಡವಾದರೆ ತೆಗೆದು ಬೇರೆಯದು ಹಾಕಬಹುದು, ಪತ್ರಕ್ಕೆ ಏನೂ ಆಗುವುದಿಲ್ಲ.

ಡೊಮೇನ್ ನಮ್ಮದಾಗಿದ್ದರೆ ಇಡೀ ಅಂಚೆ ಕಚೇರಿಯನ್ನೇ ಸ್ಥಳಾಂತರ ಮಾಡಬಹುದು. ಕೇಂದ್ರ ಸರ್ಕಾರ ಸುಮಾರು 12 ಲಕ್ಷ ನೌಕರರ ಇಮೇಲನ್ನು ಎನ್‌ಐಸಿಯ ಹಳೆಯ ವ್ಯವಸ್ಥೆಯಿಂದ ಜೋಹೊ ಕಂಪನಿಯ ವ್ಯವಸ್ಥೆಗೆ ಸಾಗಿಸಿದ ಸುದ್ದಿ 2025ರ ಅಕ್ಟೋಬರ್‌ನಲ್ಲಿ ಬಂತು. ಅಷ್ಟು ಜನರ ಕಿಟಕಿ ಬದಲಾಯಿತು, ಆದರೆ ವಿಳಾಸದ ಕೊನೆಯಲ್ಲಿದ್ದ ಸರ್ಕಾರದ ಹೆಸರು ಬದಲಾಗಲಿಲ್ಲ. ಪತ್ರ ಬರೆಯುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಲೆಕ್ಕಿಗರ ಉಚಿತ ಇಮೇಲ್‌ನಲ್ಲಿ ಮಾಮುಗೆ ಸಾಧ್ಯವಾಗದೇ ಹೋದದ್ದು ಇದೇ.

ಕಳಿಸಿದ ಪತ್ರ ಸೇರುವುದು

ಓದುವುದು ಸುಲಭ, ಕಳಿಸುವುದು ಕಷ್ಟ. ನಮ್ಮ ಸರ್ವರ್‌ನಿಂದ ಜಿಮೇಲ್‌ಗೆ ಕಳಿಸಿದ ಮೊದಲ ಕೊಟೇಶನ್ ನೇರವಾಗಿ ಸ್ಪ್ಯಾಮ್ ಫೋಲ್ಡರ್‌ಗೆ ಹೋಯಿತು. ಎಸ್‌ಎಂಟಿಪಿ ಹುಟ್ಟಿದ ಕಾಲದಲ್ಲಿ ಎಲ್ಲರೂ ಎಲ್ಲರನ್ನೂ ನಂಬುತ್ತಿದ್ದರು. ಲಕೋಟೆಯ ಹಿಂದೆ ಯಾರ ಹೆಸರು ಬೇಕಾದರೂ ಬರೆಯಬಹುದಿತ್ತು. ಈಗ ನಮ್ಮ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರ್‌ಗೆ ಹಕ್ಕಿದೆ ಎಂದು ಡೊಮೇನ್ ದಾಖಲೆಯಲ್ಲಿ ಮೊದಲೇ ಪ್ರಕಟಿಸಬೇಕು. ಅದು ಎಸ್‌ಪಿಎಫ್. ಪ್ರತಿ ಪತ್ರಕ್ಕೂ ಸರ್ವರ್ ಮೊಹರು ಒತ್ತಬೇಕು, ಅದು ಡಿಕಿಮ್. ಈ ಎರಡೂ ತಾಳೆಯಾಗದ ಪತ್ರವನ್ನು ಏನು ಮಾಡಬೇಕು ಎಂದು ಹೇಳುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್, ತನಗೆ ಪತ್ರ ಕಳಿಸುವ ಎಲ್ಲರಿಗೂ ಮೊದಲೆರಡರಲ್ಲಿ ಒಂದಾದರೂ ಕಡ್ಡಾಯ ಮಾಡಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಬೇಕು. ಸರ್ವರ್‌ನ ಐಪಿ ನಂಬರ್ ನೋಡಿದರೆ ನಮ್ಮ ಹೆಸರು ತಿರುಗಿ ಬರಬೇಕು ಎಂಬ ನಿಯಮವೂ ಇದೆ. ಅದನ್ನು ಸರ್ವರ್ ಬಾಡಿಗೆಗೆ ಕೊಟ್ಟವರಿಗೆ ಹೇಳಿ ಮಾಡಿಸಬೇಕು. ಇವನ್ನೆಲ್ಲ ಸರಿಮಾಡಿದ ಮೇಲೂ ಹೊಸ ಸರ್ವರ್‌ನ ಪತ್ರವನ್ನು ದೊಡ್ಡ ಕಂಪನಿಗಳು ಕೆಲವು ದಿನ ಅನುಮಾನದಿಂದಲೇ ನೋಡಿದವು, ಹೊಸ ಗಿರಾಕಿಗೆ ಉದ್ದರಿ ಕೊಡಲು ಹಿಂಜರಿಯುವ ಅಂಗಡಿಯವರ ಹಾಗೆ.

ಇನ್ನೊಂದು ತೊಂದರೆ ಅಕ್ಷರದ್ದು. ಹಳ್ಳಿಯ ಕಚೇರಿಯೊಂದರಿಂದ ಬಂದ ಕನ್ನಡ ಪತ್ರವೊಂದು ರೌಂಡ್‌ಕ್ಯೂಬ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣಿಸಿತು. ವೆಬ್‌ಮೇಲ್ ಕೆಟ್ಟಿದೆ ಎಂದು ಮಾಮು ಹೇಳಿದರು. ಅದು ಕೆಟ್ಟಿರಲಿಲ್ಲ. ಬರೆದವರು ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಅಂಟಿಸಿದ್ದರು. ಆ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ, ಕಾಣಿಸುವಾಗ ಮಾತ್ರ ಕನ್ನಡದ ರೂಪ. ಫಾಂಟ್ ಕಳಚಿದರೆ ಕನ್ನಡವೂ ಕಳಚುತ್ತದೆ. ಉರ್ದುವಿನಲ್ಲಿ ಹಳೆಯ ಇನ್‌ಪೇಜ್ ಫೈಲುಗಳದ್ದೂ ಇದೇ ಜಾತಿಯ ಗೋಳು. ಅಬ್ಬಾ ಇಟ್ಟುಕೊಂಡಿರುವ ಹಳೆಯ ಲಗ್ನಪತ್ರಿಕೆಯ ಫೈಲ್ ಈಗ ಯಾವ ಮೊಬೈಲ್‌ನಲ್ಲೂ ತೆರೆಯುವುದಿಲ್ಲ. ಯೂನಿಕೋಡ್‌ನಲ್ಲಿ ಬರೆದರೆ ಈ ತೊಂದರೆ ಇಲ್ಲ. ರೌಂಡ್‌ಕ್ಯೂಬ್ ಪೂರ್ತಿ ಯೂನಿಕೋಡ್‌ನಲ್ಲೇ ನಡೆಯುತ್ತದೆ. ಕನ್ನಡದ ಒಂದು ಸಾಲು, ಬಲದಿಂದ ಎಡಕ್ಕೆ ಓದುವ ಉರ್ದುವಿನ ಒಂದು ಸಾಲು, ಎರಡನ್ನೂ ಒಂದೇ ಪತ್ರದಲ್ಲಿ ಬರೆದು ಕಳಿಸಿ ನೋಡಿದೆ. ಎರಡೂ ಸರಿಯಾಗಿ ಬಂದವು. ಡೊಮೇನ್ ಹೆಸರನ್ನೇ ಕನ್ನಡದಲ್ಲಿ ಬರೆಯಲು ‘ಡಾಟ್ ಭಾರತ’ ಎಂಬ ಕೊನೆ ಇದೆ, ಉರ್ದು ಲಿಪಿಯಲ್ಲೂ ಅದೇ ಅರ್ಥದ್ದು ಇದೆ. ಪೂರ್ತಿ ವಿಳಾಸವನ್ನೇ ಹಾಗೆ ಬರೆಯಲು 2012ರಲ್ಲಿ ನಿಯಮವೂ ಆಗಿದೆ. ಆದರೆ ಅದನ್ನು ಒಪ್ಪದ ಅರ್ಜಿ ನಮೂನೆಗಳು ಇನ್ನೂ ಇವೆ. ಅದಕ್ಕೇ ಮಾಮು ಸದ್ಯಕ್ಕೆ ಇಂಗ್ಲಿಷ್ ಹೆಸರನ್ನೇ ಇಟ್ಟರು.

ನೋಡಿಕೊಳ್ಳುವವರ ಲೆಕ್ಕ

ಈಗ ನಮ್ಮ ವಿಷಯಕ್ಕೆ ಬರೋಣ. ಬಾಡಿಗೆ ಇಮೇಲ್‌ಗೆ ತಲೆಗೆ ಇಷ್ಟು ಎಂದು ಕಟ್ಟುತ್ತೇವೆ, ಅದು ಬದಲಾಗುವ ವೆಚ್ಚ. ಸರ್ವರ್ ಬಾಡಿಗೆ ಇಬ್ಬರಿದ್ದರೂ ಹತ್ತು ಜನ ಇದ್ದರೂ ಒಂದೇ, ಅದು ಸ್ಥಿರ ವೆಚ್ಚ. ಲೆಕ್ಕಕ್ಕೆಂದು ತಲೆಗೆ ತಿಂಗಳಿಗೆ 120 ರೂಪಾಯಿ, ಸರ್ವರ್‌ಗೆ 700 ರೂಪಾಯಿ ಎಂದಿಟ್ಟುಕೊಳ್ಳಿ. ಏಳು ಜನಕ್ಕೆ ಬಾಡಿಗೆ ಇಮೇಲ್ 840. ಆರು ಜನ ಇದ್ದರೂ ಸ್ವಂತ ಸರ್ವರ್ ಅಗ್ಗ, ಅಲ್ಲವೇ? ಆದರೆ ಇದರಲ್ಲಿ ಒಂದು ಖರ್ಚು ಬರೆದಿಲ್ಲ. ಭಾಯಿ ತಿಂಗಳಿಗೆ ಎರಡು ಗಂಟೆ ಸರ್ವರ್ ನೋಡುತ್ತಾರೆ. ಗಂಟೆಗೆ 300 ಎಂದರೂ 600. ಒಟ್ಟು 1,300. ಈಗ ಹನ್ನೊಂದು ಜನ ಇದ್ದರೆ ಮಾತ್ರ ಲಾಭ. ಮಗ ಸಂಬಳ ಕೇಳುವುದಿಲ್ಲ ಎಂದು ಆ ಖರ್ಚು ಇಲ್ಲವೆಂದಾಗುವುದಿಲ್ಲ, ಪುಸ್ತಕದಲ್ಲಿ ಕಾಣುವುದಿಲ್ಲ ಅಷ್ಟೆ. ಎರಡು ಮೂರು ಜನರ ಅಂಗಡಿಯವರು ನನ್ನನ್ನು ಕೇಳಿದರೆ, ಸ್ವಂತ ಡೊಮೇನ್ ಕೊಳ್ಳಿ, ಇಮೇಲ್ ಮಾತ್ರ ಬಾಡಿಗೆಗೆ ತೆಗೆದುಕೊಳ್ಳಿ ಎನ್ನುತ್ತೇನೆ. ಸಾಮಾನ್ಯ ವೆಬ್ ಹೋಸ್ಟಿಂಗ್ ಕೊಂಡರೂ ಎಷ್ಟೋ ಕಡೆ ಸಿಪ್ಯಾನೆಲ್ ಜೊತೆ ರೌಂಡ್‌ಕ್ಯೂಬ್ ತಯಾರಾಗೇ ಸಿಗುತ್ತದೆ.

ಆ ಎರಡು ಗಂಟೆ ಯಾಕೆ ಬೇಕು ಎಂಬುದಕ್ಕೆ 2025ರ ಜೂನ್ ತಿಂಗಳನ್ನೇ ನೋಡಿ. ರೌಂಡ್‌ಕ್ಯೂಬ್‌ನಲ್ಲಿ ಸುಮಾರು ಹತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದ ಒಂದು ದೋಷ ಆಗ ಬಯಲಾಯಿತು. ಲಾಗಿನ್ ಆಗಬಲ್ಲ ಯಾರಾದರೂ ಒಬ್ಬರು ಆ ದೋಷದ ಮೂಲಕ ಇಡೀ ಸರ್ವರ್‌ನಲ್ಲಿ ತಮಗೆ ಬೇಕಾದ ಆಜ್ಞೆ ನಡೆಸಬಹುದಿತ್ತು. ಅಂದರೆ ಏಳು ಜನರಲ್ಲಿ ಒಬ್ಬರು ತಮ್ಮ ಪಾಸ್‌ವರ್ಡ್ 123456 ಎಂದು ಇಟ್ಟಿದ್ದರೆ ಏಳೂ ಜನರ ಪತ್ರ ಹೋದ ಹಾಗೆ. ತಿದ್ದಿದ ಆವೃತ್ತಿಗಳು, 1.6.11 ಮತ್ತು 1.5.10, ಕೂಡಲೇ ಬಂದವು. ಹಾಕಿಕೊಂಡವರು ಉಳಿದರು. 2023ರ ಅಕ್ಟೋಬರ್‌ನಲ್ಲಿ ಬೆಳಕಿಗೆ ಬಂದ ಇನ್ನೊಂದು ದೋಷದಲ್ಲಿ, ಸಂಚು ಮಾಡಿ ಕಳಿಸಿದ ಪತ್ರವನ್ನು ತೆರೆದರೆ ಸಾಕಿತ್ತು. ಯುರೋಪಿನ ಸರ್ಕಾರಿ ಕಚೇರಿಗಳ ಮೇಲೆ ಅದನ್ನು ಪ್ರಯೋಗಿಸಿದ್ದರು. ಉಚಿತ ತಂತ್ರಾಂಶ ಆದ್ದರಿಂದ ಹೀಗಾಯಿತು ಎಂದು ಹೇಳಿದರೆ ನಾನು ಒಪ್ಪುವುದಿಲ್ಲ. ದೋಷ ದುಡ್ಡು ಕೊಟ್ಟ ತಂತ್ರಾಂಶದಲ್ಲೂ ಇರುತ್ತದೆ. ಬಾಡಿಗೆಯದರಲ್ಲಿ ತಿದ್ದುವ ಕೆಲಸ ಅವರದು, ಸ್ವಂತದ್ದರಲ್ಲಿ ನಮ್ಮದು. ರೌಂಡ್‌ಕ್ಯೂಬ್‌ನ ಹೊಸ ಪ್ಯಾಕೇಜಿನಲ್ಲೇ ಹಳೆಯದರ ಮೇಲೆ ಹೊಸದನ್ನು ಕೂರಿಸುವ ಒಂದು ಸ್ಕ್ರಿಪ್ಟ್ ಇರುತ್ತದೆ. ಅದನ್ನು ಓಡಿಸುವ ಮೊದಲು ಒಂದು ಬ್ಯಾಕಪ್.

ಬ್ಯಾಕಪ್ ಎಷ್ಟು ವರ್ಷದ್ದು ಇಟ್ಟುಕೊಳ್ಳಬೇಕು? ಇಲ್ಲಿ ಭಾಯಿಗೆ ಉತ್ತರ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಉಳಿಸಬೇಕು. ಬಿಲ್ಲು, ಆರ್ಡರ್ ಇಮೇಲ್‌ನಲ್ಲೇ ಬರುವಾಗ ಆ ಇಮೇಲೂ ಲೆಕ್ಕದ ಭಾಗವೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧು ಆಗುವುದಿಲ್ಲ. ಹಾಗಾಗಿ ‘ನಲವತ್ತು ಪಂಪ್ ಕಳಿಸಿ, ದರ ಒಪ್ಪಿದೆ’ ಎಂಬ ಒಂದು ಸಾಲಿನ ಪತ್ರಕ್ಕೂ ತೂಕ ಇದೆ. ನಮ್ಮ ಮನೆಯಲ್ಲಿ ಇಂಥದ್ದಕ್ಕೆ ಅಮಾನತ್ ಎನ್ನುತ್ತಾರೆ. ಬೇರೆಯವರು ನಂಬಿ ಕೊಟ್ಟದ್ದು, ಕೇಳಿದಾಗ ಹಾಗೇ ಹಿಂತಿರುಗಿಸಬೇಕಾದದ್ದು. ಈಗ ಪ್ರತಿ ರಾತ್ರಿ ಪತ್ರಗಳ ಒಂದು ಪ್ರತಿ ಬೇರೆ ಊರಿನ ಇನ್ನೊಂದು ಸರ್ವರ್‌ಗೆ ಹೋಗುತ್ತದೆ, ತಿಂಗಳಿಗೊಮ್ಮೆ ಮನೆಯ ಹಾರ್ಡ್ ಡಿಸ್ಕ್‌ಗೂ ಇಳಿಯುತ್ತದೆ.

ಡೊಮೇನ್ ನವೀಕರಣವನ್ನು ಮರೆಯುವುದು ಸರ್ವರ್ ಕೆಡುವುದಕ್ಕಿಂತ ಅಪಾಯ. ಗಡುವು ದಾಟಿದ ಡೊಮೇನನ್ನು ಕೆಲವು ವಾರಗಳಾದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರು ಅದೇ ಹೆಸರಿನ ಇಮೇಲ್ ತೆರೆದರೆ ಬ್ಯಾಂಕು, ಜಿಎಸ್‌ಟಿ ಕಳಿಸುವ ಪತ್ರಗಳೆಲ್ಲ ಅವರಿಗೆ ಹೋಗುತ್ತವೆ. ಆದ್ದರಿಂದ ಡೊಮೇನನ್ನು ಮಾಮುವಿನ ಹೆಸರಿನಲ್ಲೇ ನೋಂದಾಯಿಸಿದರು, ಭಾಯಿಯ ಹೆಸರಿನಲ್ಲಿ ಅಲ್ಲ. “ನಾನು ನಾಳೆ ದುಬೈಗೆ ಹೋದರೆ ಅಂಗಡಿ ನನ್ನ ಫೋನಿಗೆ ಕಾಯಬಾರದು” ಎಂದು ಭಾಯಿಯೇ ಹೇಳಿದರು. ಮಾಮುವಿನ ಗಲ್ಲಾಪೆಟ್ಟಿಗೆಯಲ್ಲಿ ಈಗ ಒಂದು ಸಣ್ಣ ರಿಜಿಸ್ಟರ್ ಇದೆ. ಡೊಮೇನ್ ಎಲ್ಲಿ ಕೊಂಡದ್ದು, ಯಾವ ತಾರೀಖಿಗೆ ಮುಗಿಯುತ್ತದೆ, ಸರ್ವರ್ ಬಾಡಿಗೆ ಯಾವಾಗ ಕಟ್ಟಬೇಕು, ಬ್ಯಾಕಪ್ ಎಲ್ಲಿದೆ, ಕೆಲಸ ಬಿಟ್ಟವರ ಇಮೇಲನ್ನು ಯಾವ ದಿನ ಮುಚ್ಚಿದ್ದು. ಪಾಸ್‌ವರ್ಡ್ ಮಾತ್ರ ಅದರಲ್ಲಿ ಇಲ್ಲ. ಅದು ಸೀಲು ಮಾಡಿದ ಲಕೋಟೆಯಲ್ಲಿ, ಮಾಮಿಯ ಬೀರುವಿನಲ್ಲಿದೆ.

ಇದನ್ನು ಮಾಡಿ ನೋಡಬೇಕೆನ್ನುವವರು ದುಡ್ಡು ಹಾಕಬೇಕಾಗಿಲ್ಲ. ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಉಬುಂಟು ಹಾಕಿ, ಅದರ ಮೇಲೆ ಅಪಾಚೆ, ಪಿಎಚ್‌ಪಿ, ರೌಂಡ್‌ಕ್ಯೂಬ್ ಹಾಕಿಕೊಳ್ಳಿ. ಕಲಿಯಲು ಮರಿಯಾಡಿಬಿ ಬದಲು ಎಸ್‌ಕ್ಯುಲೈಟ್ ಎಂಬ ಸಣ್ಣ ಡೇಟಾಬೇಸ್ ಸಾಕು. ಪತ್ರಗಳಿಗೆ ಅದೇ ಲ್ಯಾಪ್‌ಟಾಪ್‌ನಲ್ಲಿ ಡವ್‌ಕಾಟ್, ಪೋಸ್ಟ್‌ಫಿಕ್ಸ್ ಹಾಕಿ ಇಬ್ಬರು ಗೆಳೆಯರ ಹೆಸರಿನಲ್ಲಿ ಖಾತೆ ತೆರೆಯಿರಿ. ಒಬ್ಬರಿಂದ ಒಬ್ಬರಿಗೆ ಪತ್ರ ಹೋಗುವುದನ್ನು ಲಾಗ್ ಫೈಲ್‌ನಲ್ಲಿ ಸಾಲು ಸಾಲಾಗಿ ನೋಡಬಹುದು. ಅದನ್ನು ಹೊರಗಿನ ಇಂಟರ್ನೆಟ್‌ಗೆ ಮಾತ್ರ ತೆರೆಯಬೇಡಿ, ಮನೆಯ ವೈಫೈ ಒಳಗೇ ಇರಲಿ. ಇನ್ನು ಇವತ್ತು ಸಂಜೆಯೇ ಮಾಡಬಹುದಾದ ಕೆಲಸ ಬೇರೆ ಇದೆ: ನಿಮ್ಮ ಸ್ಕಾಲರ್‌ಶಿಪ್ ಅರ್ಜಿಯಲ್ಲಿ, ಅಬ್ಬಾ ಅಥವಾ ಅಪ್ಪನ ಜಿಎಸ್‌ಟಿ, ಬ್ಯಾಂಕ್ ಖಾತೆಯಲ್ಲಿ ಯಾರ ಇಮೇಲ್ ಇದೆ ಎಂದು ತೆಗೆದು ನೋಡಿ. ಸೈಬರ್ ಸೆಂಟರ್‌ನವರದೋ, ಹಳೆಯ ಏಜೆಂಟರದೋ ಇದ್ದರೆ ಅವರು ಫೋನ್ ಎತ್ತುತ್ತಿರುವಾಗಲೇ ಬದಲಿಸಿಕೊಳ್ಳಿ.